ತೆರಿಗೆ ಸೊನ್ನೆ, ಗ್ಲೌಸ್ ನಿಮ್ಮ ಖರ್ಚು

ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ಕ್ಕೆ ಸೊನ್ನೆಯಾಯಿತಲ್ಲ, ಆ ಉಪಕಾರವನ್ನು ನಾವಿನ್ನೂ ಸರಿಯಾಗಿ ಸ್ಮರಿಸಿಲ್ಲ ಅನ್ನಿಸುತ್ತದೆ. ಅದೂ ನವರಾತ್ರಿಯ ಮೊದಲ ದಿನ! ಎಂಟು ವರ್ಷ ನಮ್ಮ ಜೇಬಿನಲ್ಲಿ ಕೈಯಿಟ್ಟಿದ್ದವರು ಕೈ ತೆಗೆದು, 'ತಗೊಳ್ಳಿ, ಹಬ್ಬದ ಉಡುಗೊರೆ' ಅಂದರು. ಬದುಕಿನ ಅನಿಶ್ಚಿತತೆಗೂ ತೆರಿಗೆಯೇ ಅಂತ 2024ರ ಜುಲೈನಲ್ಲಿ ಹಣಕಾಸು ಸಚಿವರಿಗೆ ಪತ್ರ ಬರೆದದ್ದು ವಿರೋಧ ಪಕ್ಷದವರಲ್ಲ, ಅದೇ ಸಂಪುಟದ ನಿತಿನ್ ಗಡ್ಕರಿ. ಆಮೇಲೆ ಮಂತ್ರಿಗಳ ಗುಂಪೊಂದು ಕೂತಿತು, ಎದ್ದಿತು, ಮತ್ತೆ ಕೂತಿತು.

ಇರಲಿ, ತೆರಿಗೆ ಹೋಯಿತು. ಜೊತೆಗೆ ಕಂಪನಿಗಳ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟೂ, ಅಂದರೆ ತಾವು ಕಟ್ಟಿದ ಜಿಎಸ್‌ಟಿಯನ್ನು ನಮ್ಮಿಂದ ವಸೂಲಿ ಮಾಡಿದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯವೂ, ಹೋಯಿತು. ಕಚೇರಿ ಬಾಡಿಗೆ, ಜಾಹೀರಾತು, ಏಜೆಂಟರ ಕಮಿಷನ್ ಮೇಲಿನ ಜಿಎಸ್‌ಟಿ ಈಗ ಕಂಪನಿಯ ಖರ್ಚು. ಕಂಪನಿಯ ಖರ್ಚು ಕಡೆಗೆ ಯಾರ ತಲೆಗೆ ಬರುತ್ತದೆ ಅಂತ ಬಿಡಿಸಿ ಹೇಳಬೇಕೆ? ಮೂಲ ಪ್ರೀಮಿಯಂ 30,000 ಇದ್ದವರು ತೆರಿಗೆ ಸೇರಿ 35,400 ಕಟ್ಟುತ್ತಿದ್ದರು. ಚಿಕಿತ್ಸಾ ವೆಚ್ಚ ಏರಿದೆ ಅಂತ ನವೀಕರಣದ ಹೊತ್ತಿಗೆ ಮೂಲವನ್ನೇ 35,400 ಮಾಡಿದರೆ ಲೆಕ್ಕ ಚುಕ್ತಾ. 60 ದಾಟಿದವರಿಗಾದರೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ಕಂಪನಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಜೊತೆ ಮಾತಾಡಬೇಕು. 58ರವರು ಏನು ಮಾಡಬೇಕು? ಬೇಗ ಬೇಗ ಮುದುಕರಾಗಬೇಕು.

ಅಂದಹಾಗೆ, ವಿಮೆಯಲ್ಲಿ ಸೇರದ 68 ವಸ್ತುಗಳ ಪಟ್ಟಿಯೊಂದಿದೆ. ಪುರುಸೊತ್ತಿದ್ದಾಗ ಓದಿ, ಸೊಗಸಾಗಿದೆ. ಗ್ಲೌಸ್, ಮಾಸ್ಕ್, ಥರ್ಮಾಮೀಟರ್, ಡೈಪರ್, ಕ್ರೇಪ್ ಬ್ಯಾಂಡೇಜ್, ಝೆರಾಕ್ಸ್. ಪಾಲಿಸಿ ಅದಕ್ಕೆಂದೇ ಒಪ್ಪಿಕೊಂಡಿರದಿದ್ದರೆ ಇವೆಲ್ಲ ನಿಮ್ಮ ಜೇಬಿನಿಂದಲೇ. ಟಿವಿಯನ್ನು ಬಿಟ್ಟಿರುವುದು ಸರಿ, ಡ್ರಿಪ್ ಹಾಕಿಸಿಕೊಂಡು ಧಾರಾವಾಹಿ ನೋಡುವವರ ಖರ್ಚನ್ನು ಬೇರೆಯವರೇಕೆ ಹೊರಬೇಕು. ಆದರೆ ಗ್ಲೌಸು? 'ಸಿಸ್ಟರ್, ಬರಿಗೈಯಲ್ಲೇ ಗಾಯ ಬಿಚ್ಚಿ, ಸ್ವಲ್ಪ ಉಳಿಯಲಿ' ಅನ್ನೋಕಾಗುತ್ತಾ? ಶವಾಗಾರದ ಶುಲ್ಕವೂ ಆ ಪಟ್ಟಿಯಲ್ಲಿದೆ. ಸರಿಯೇ, ಕಂಪನಿಯ ಹೊಣೆ ಉಸಿರಿರುವ ತನಕ.

ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ವಿಮಾ ಕಂಪನಿ ಒಪ್ಪಿಗೆ ಕೊಡಬೇಕೆಂಬ ನಿಯಮವೂ ಇದೆ. ಬಿಲ್ಲಿಂಗ್ ಕೌಂಟರ್ ಎದುರಿನ ಸ್ಟೀಲ್ ಕುರ್ಚಿಯಲ್ಲಿ, ಕೈಗೆ ಕ್ಯಾನುಲಾ ಹಾಗೇ ಇರುವ ಅಪ್ಪನ ಪಕ್ಕ ಕೂತವರನ್ನು ಕೇಳಿ, ಗಂಟೆಗೆ ಎಷ್ಟು ನಿಮಿಷ ಅಂತ.

ತಮಾಷೆ ಸಾಕು. ಪ್ರೀಮಿಯಂ ಏರುವುದು ಆಸ್ಪತ್ರೆಯ ಬಿಲ್ ಏರುವುದರಿಂದ. ಆ ಬಿಲ್ಲಿಗೆ ಕೈ ಹಾಕಲು ಕರ್ನಾಟಕ ಒಮ್ಮೆ ಹೊರಟಿತ್ತು. 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರವೇ ನಿಗದಿ ಮಾಡುವಂತೆ ಕೆಪಿಎಂಇ ಕಾಯ್ದೆಗೆ (ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ರಾಜ್ಯದ ಕಾಯ್ದೆ) ತಿದ್ದುಪಡಿ ತಂದರು. ಖಾಸಗಿ ವೈದ್ಯರು ಒಪಿಡಿ ಬಂದ್ ಮಾಡಿದರು, ಬೆಳಗಾವಿಗೆ ಹೋಗಿ ಧರಣಿ ಕೂತರು, ರೋಗಿಗಳು ಊರೂರಲ್ಲಿ ಬಾಗಿಲು ಬಡಿದರು. ಕೊನೆಗೆ ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಸ್ವಂತ ದುಡ್ಡಲ್ಲಿ ಪಾಲಿಸಿ ಕೊಂಡವನನ್ನು ಕೈಬಿಟ್ಟರು. ಪೂರ್ತಿ ಕೈಬಿಟ್ಟರು. ಅದೇ ಸರ್ಕಾರಿ ಕುರ್ಚಿ 2020ರ ಕೋವಿಡ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಜನರಲ್ ವಾರ್ಡಿಗೆ ದಿನಕ್ಕೆ 10,000, ವೆಂಟಿಲೇಟರ್ ಇರುವ ಐಸಿಯುಗೆ 25,000 ಅಂತ ಮಿತಿ ಹಾಕಿತ್ತು. ಅಂದರೆ ದರ ಕಟ್ಟಲು ಬರುವುದಿಲ್ಲ ಅಂತೇನಿಲ್ಲ. ಇನ್ನೊಂದು ಮಹಾಮಾರಿ ಬರಲಿ ಅಂತ ಕಾಯುತ್ತಿದ್ದಾರೋ ಏನೋ.