ಎಚ್‌ಪಿ ಐತಿ, ಅಷ್ಟ!

ಗಾಡಿ ತೋರಿಸಿದ ದಿನವೇ ದಲ್ಲಾಳಿ ಸತ್ಯ ಹೇಳಿದ್ದ. ಅದನ್ನು ಒಪ್ಪಿಕೊಳ್ಳಲೇಬೇಕು. ಓಮ್ನಿಯ ಮೂತಿ ಸವರುತ್ತ, "ಎಂಜಿನ್ ಬೆಣ್ಣಿ ಆದಂಗ ಐತ್ರಿ ಸರ. ಟಾಯರ್ ಹೊಸಾವು. ಎಚ್‌ಪಿ ಐತಿ, ಅಷ್ಟ" ಅಂದ.

ಕೊಪ್ಪಳ ಸೀಮೆಯಲ್ಲಿ ಹುಟ್ಟಿದವನಿಗೆ ಎಚ್‌ಪಿ ಎಂದರೆ ಬೋರಿಗೆ ಇಳಿಬಿಟ್ಟ ಮೋಟಾರು. ಅದು ಐದರದೋ ಏಳೂವರೆಯದೋ ಎಂಬುದರ ಮೇಲೆ ಮನೆತನದ ಅಂತಸ್ತೇ ನಿಂತಿರುತ್ತದೆ. ಇದ್ದರೆ ಒಳ್ಳೆಯದೇ ಅಲ್ಲವೇ ಅಂದುಕೊಂಡು, "ಎಷ್ಟೈತಿ?" ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, "ಎಲ್ಲಾ ಮುಗದೈತ್ರಿ. ಹೆಸರಿಗಷ್ಟ ಉಳದೈತಿ" ಅಂದ. 2012ರ ಗಾಡಿ, ವಯಸ್ಸಾದ ಮೇಲೆ ಶಕ್ತಿ ಎಲ್ಲರಿಗೂ ಕುಂದುತ್ತದೆ ಎಂದು ನನ್ನ ಮೊಣಕಾಲನ್ನು ನೆನೆಸಿಕೊಂಡು ಒಂದು ಲಕ್ಷದ ಹತ್ತು ಸಾವಿರ ಎಣಿಸಿಕೊಟ್ಟೆ. ಅವನು ಕೀಲಿ, ಆರ್‌ಸಿ ಕಾರ್ಡು, ಗಾಡಿಯನ್ನು ಕೊಂಡವನ ಹೆಸರಿಗೆ ಮಾಡಿಸಲು ಬೇಕಾದ, ಸಹಿ ಹಾಕಿದ ಖಾಲಿ 29 ಮತ್ತು 30ನೇ ಫಾರಮ್ಮು ಕೊಟ್ಟ. ಫಾರಮ್ಮಿನ ಮೂಲೆಗೆ ಎಣ್ಣೆ ಕಲೆ. ಯಾವ ಕಾಲದಲ್ಲೋ ಯಾರೋ ಅದರ ಮೇಲೆ ಮಿರ್ಚಿ ಇಟ್ಟುಕೊಂಡು ತಿಂದಿದ್ದರು.

ಮೂರು ತಿಂಗಳು ಸುಖವಾಗಿದ್ದೆವು. ಗವಿಮಠದ ಜಾತ್ರೆಗೆ ಬಂದ ನೆಂಟರನ್ನೆಲ್ಲ ತುಂಬಿಕೊಂಡು ಅಶೋಕ ಸರ್ಕಲ್ ಸುತ್ತಿ ಬಂದೆ. ಆ ನೆಂಟರಲ್ಲೇ ಒಬ್ಬ, ನನ್ನ ಹೆಂಡತಿಯ ತಮ್ಮ, ಊಟಕ್ಕೆ ಕೂತವನು ಮೊಬೈಲಿನಲ್ಲಿ ಗಾಡಿ ನಂಬರು ಒತ್ತಿ ನೋಡಿದ.

"ಮಾಮಾ, ಈ ಗಾಡಿ ನಿಮ್ದಲ್ರಿ."

"ಮತ್ತ ಯಾರ್ದೋ?"

"ಹೊಸಪೇಟಿಯವರ್ದು ಯಾರ್ದೋ. ಅವರದೂ ಪೂರ್ತಿ ಅಲ್ಲ. ಬ್ಯಾಂಕಿಂದು."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನ್ನ ಸಂಸಾರದಲ್ಲಿ ಆ ಸಪ್ಪಳ ನಡುವೆ ನಿಂತಾಗಲೆಲ್ಲ ಏನಾಗಿದೆಯೆಂದು ನನಗೆ ಗೊತ್ತು. ಮರುದಿನ ಬೆಳಗಾಗುವುದರೊಳಗೆ ಆರ್‌ಟಿಒ ಕಚೇರಿಯ ಹೊರಗಿನ ಝೆರಾಕ್ಸ್ ಅಂಗಡಿಯಲ್ಲಿದ್ದೆ.

ಅಲ್ಲಿನ ಏಜೆಂಟನೇ ನನ್ನ ಎಚ್‌ಪಿ ಭ್ರಮೆ ಬಿಡಿಸಿದ. ಅದು ಹೈಪೊಥಿಕೇಶನ್. ಅಂದರೆ ಗಾಡಿ ನಮ್ಮ ಅಂಗಳದಲ್ಲಿ, ಅಡವು ಬ್ಯಾಂಕಿನಲ್ಲಿ. ಸಾಲ ತೀರಿದ ಮೇಲೆ ಬ್ಯಾಂಕಿನವರು ತಮ್ಮ ತಕರಾರಿಲ್ಲವೆಂಬ ಎನ್‌ಒಸಿಯನ್ನೂ ತಮ್ಮ ಸಹಿ, ಸೀಲು ಇರುವ 35ನೇ ಫಾರಮ್ಮನ್ನೂ ಕೊಡುತ್ತಾರೆ. ಅದನ್ನು ಆರ್‌ಟಿಒಗೆ ಒಪ್ಪಿಸಿದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗುತ್ತದೆ. ಹೊಸಪೇಟೆಯವರು ಸಾಲ ತೀರಿಸಿದ್ದರು, ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರು. ಆಮೇಲೆ ಗಾಡಿ ಮಾರಿದ್ದರು. ಕೊಂಡವನು ಅದೇ ಖಾಲಿ ಫಾರಮ್ಮಿನೊಂದಿಗೆ ಇನ್ನೊಬ್ಬನಿಗೆ ದಾಟಿಸಿದ್ದ, ಅವನು ನನಗೆ. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದಂತೆ. ನಮ್ಮ ನಡುವೆ ಆ ಫಾರಮ್ಮು ಮದುವೆ ಮನೆಯ ಬ್ಲೌಸ್ ಪೀಸಿನ ಹಾಗೆ, ಯಾರೂ ಹೊಲಿಸದೆ, ಮನೆಯಿಂದ ಮನೆಗೆ ತಿರುಗಿತ್ತು.

"ಮೊದಲ ಎಚ್‌ಪಿ ಕ್ಯಾನ್ಸಲ್ ಮಾಡಿಸ್ರಿ. ಆಮ್ಯಾಲ ನೀವು ಮಾಲಕರು" ಅಂದ ಏಜೆಂಟ.

ಮಾಡಿಸೋಣವೆಂದರೆ ಆರ್‌ಸಿಯಲ್ಲಿದ್ದ ಬ್ಯಾಂಕೇ ಭೂಮಿ ಮೇಲಿಲ್ಲ. 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನ ಮನೆ ಸೇರಿತು, 2019ರಲ್ಲಿ ವಿಜಯಾ ಬ್ಯಾಂಕು ಬರೋಡಾಕ್ಕೆ ಹೋಯಿತು. ಹೀಗೆ ಎಲ್ಲರ ಮನೆಯ ಹೆಣ್ಣುಮಕ್ಕಳೂ ಲಗ್ನವಾಗಿ ಹೋದ ಕಾಲವದು. ನಮ್ಮ ಬ್ಯಾಂಕಿನ ಹೆಸರು ಬೇಡ, ಗಂಡನ ಮನೆಯವರಿಗೆ ಯಾಕೆ ಬೇಸರ. ಆದರೆ ಆರ್‌ಸಿಯಲ್ಲಿ ಮಾತ್ರ ಅದು ಇನ್ನೂ ತವರಿನ ಹೆಸರಿನಲ್ಲೇ ಕೂತಿತ್ತು. ಗಂಡನ ಮನೆಗೆ ಹೋಗಿ ವಿಚಾರಿಸಿದೆ. ಮ್ಯಾನೇಜರು ಬಹಳ ಹೊತ್ತು ಕಂಪ್ಯೂಟರು ಕೆದಕಿದರು.

"ಇಂಥಾ ಸಾಲಾನೇ ಕಾಣವಲ್ದು."

"ಹಂಗಾರ ತೀರೈತಿ ಅಂತ ಬರದು ಕೊಡ್ರಿ."

"ಇಲ್ಲದ ಸಾಲ ತೀರೈತಿ ಅಂತ ಹೆಂಗ್ರಿ ಬರದು ಕೊಡೂದು?"

ಇದು ಬೆಡಗಿನ ವಚನ. ಅರ್ಥ ಮಾಡಿಕೊಳ್ಳಲು ಹೋಗಬಾರದು, ತಲೆದೂಗಿ ಎದ್ದು ಬರಬೇಕು. ಬಂದೆ. ಸಾಲ ಮಾಡಿದವರೇ ಹಳೆ ಕಾಗದ ಹಿಡಿದು ಬರಬೇಕೆಂದು ಬಾಗಿಲ ತನಕ ಹೇಳಿ ಕಳಿಸಿದರು, ಒಳ್ಳೆಯ ಮನುಷ್ಯ.

ಭಾನುವಾರ ಓಮ್ನಿಯನ್ನು ಅದರ ತವರಿಗೇ ಹೊಡೆದುಕೊಂಡು ಹೋದೆ. ಹುಲಿಗೆಮ್ಮನಿಗೆ ದೂರದಿಂದಲೇ ಕೈ ಮುಗಿದು, ಡ್ಯಾಮು ದಾಟಿ, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಕೇಳುತ್ತ ಕೇಳುತ್ತ ಮನೆ ಹಿಡಿದೆ. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಹಿರಿಯರು ಗಾಡಿ ನಂಬರು ನೋಡಿದರು, ನನ್ನನ್ನು ನೋಡಿದರು.

"ನೀನೇ ಏನಪ್ಪಾ ಸೀಟ್ ಬೆಲ್ಟ್ ಹಾಕ್ಕಳ್ಳದವನು?"

ಗಾಡಿಯ ದಂಡದ ಮೆಸೇಜುಗಳೆಲ್ಲ ಇಷ್ಟು ವರ್ಷ ಅವರ ಮೊಬೈಲಿಗೇ ಬರುತ್ತಿದ್ದವು. ಮಾರಿದ ಮೇಲೆ ಓಮ್ನಿ ಎಲ್ಲೆಲ್ಲಿ ಅಲೆಯಿತೆಂದು ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. "ಹುಬ್ಬಳ್ಳಿಗೆ ಮೂರು ಸಲ ಹೋಗೈತೆ. ಒಂದ್ಸಲ ಬೆಂಗಳೂರಿಗೂ ಹೋಗಿತ್ತು, ಸಿಗ್ನಲ್ ಹಾರೈತೆ" ಎಂದು, ಓಡಿಹೋದ ಮಗನ ಸುದ್ದಿ ಹೇಳುವ ಹಾಗೆ ಹೇಳಿದರು. ಕಟ್ಟಿರಲಿಲ್ಲ ಮಾತ್ರ. ಅದನ್ನೆಲ್ಲ ನಾನೇ ಕಟ್ಟಿದೆ. ಯಾರೋ ಹಾಕಿಕೊಳ್ಳದ ಬೆಲ್ಟಿಗೆ, ತಲಾ ಐನೂರು.

ಹುಲಿಗೆಮ್ಮನ ಫೋಟೊದ ಹಿಂದಿನ ಸೀರೆ ಅಂಗಡಿಯ ಚೀಲದಿಂದ ಸಾಲ ತೀರಿದ ಪತ್ರ ಹೊರಬಂತು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಬ್ಯಾಂಕಿನಲ್ಲಿ ಹೊಸ ತಕರಾರು. ಆರ್‌ಸಿಯಲ್ಲಿ ಊರು ಇಂಗ್ಲಿಷಿನ ಹಾಸ್ಪೆಟ್, ಜಿಲ್ಲೆ ಬೆಲ್ಲಾರಿ. 2014ರ ರಾಜ್ಯೋತ್ಸವಕ್ಕೆ ಅವು ಇಂಗ್ಲಿಷಿನಲ್ಲೂ ಹೊಸಪೇಟೆ, ಬಳ್ಳಾರಿ ಆದವು. ಸಾಲದ ಪತ್ರದಲ್ಲಿ ಹಾಗಿದೆ. 2021ರಲ್ಲಿ ಜಿಲ್ಲೆಯೇ ಒಡೆದು ವಿಜಯನಗರ ಆಯಿತು. ಆಧಾರಿನಲ್ಲಿ ಹಾಗಿದೆ.

"ಮೂರು ಕಾಗದ, ಮೂರು ವಿಳಾಸ" ಅಂದಳು ಗುಮಾಸ್ತೆ.

"ತಾಯೀ, ನಾನು ಆ ಕಟ್ಟೆ ಬಿಟ್ಟು ಎದ್ದಿಲ್ಲಮ್ಮ" ಅಂದರು ಹಿರಿಯರು. "ಊರಿನ ಹೆಸರು ಬದಲಾತು, ಜಿಲ್ಲೆ ಹೋತು, ನಿಮ್ಮ ಬ್ಯಾಂಕೂ ಹೋತು. ಕೂತಲ್ಲೇ ಕೂತಿರೋನು ನಾನೊಬ್ಬನೇ. ನನ್ನನ್ನೇ ಕೇಳ್ತೀಯಲ್ಲ?"

ಆಕೆ ನಕ್ಕಳು. ನಕ್ಕಿದ್ದಕ್ಕೇ ಕೆಲಸವಾಯಿತೆಂದು ನನ್ನ ನಂಬಿಕೆ. ಹದಿನೈದು ದಿನಕ್ಕೆ 35ನೇ ಫಾರಮ್ಮು ಕೈ ಸೇರಿತು. ಎಣ್ಣೆ ಕಲೆಯ ಫಾರಮ್ಮುಗಳನ್ನು ಬಿಸಾಡಿ ಹಿರಿಯರಿಂದ ಹೊಸದಕ್ಕೆ ಸಹಿ ಹಾಕಿಸಿದೆ.

ಉಳಿದದ್ದು ಒಟಿಪಿ. ಅರ್ಜಿ ಕೊಪ್ಪಳದಲ್ಲಿ, ಒಟಿಪಿ ಹೊಸಪೇಟೆಯ ಮೊಬೈಲಿಗೆ. ಫೋನು ಹಚ್ಚಿದೆ. "ಬಂತಪ್ಪ. ಬರಕೋ. ನಾಕು... ಏಳು... ತಡಿ, ಇದು ಒಂದೋ ಏಳೋ, ಕನ್ನಡಕ ತರ್ತೀನಿ" ಎಂದು ಒಳಗೆ ಹೋದವರು ಬರುವಷ್ಟರಲ್ಲಿ ಹೊತ್ತು ಮೀರಿತು. ಎರಡನೆಯ ಸಲ ಹಾಲಿನವನು ಬಂದ. ಮೂರನೆಯ ಸಲ ಮೊಮ್ಮಗಳು ಫೋನು ಕಿತ್ತುಕೊಂಡು ಒಂದೇ ಉಸಿರಿಗೆ ಆರೂ ಅಂಕಿ ಓದಿದಳು. ಅವಳ ವಿದ್ಯೆ ನೂರು ಕಾಲ ಬಾಳಲಿ.

ಹೊಸ ಕಾರ್ಡು ಬಂದಾಗ ಹೆಂಡತಿ ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೇರೆ ಯಾರ ಹೆಸರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ದೇವರ ಮುಂದಿಟ್ಟಳು.

ಅದಾಗಿ ಎರಡು ತಿಂಗಳಿಗೆ ಹೊಸಪೇಟೆಯಿಂದ ಫೋನು.

"ಏನಪ್ಪಾ, ಈಚೆಗೆ ಒಂದೂ ಮೆಸೇಜ್ ಇಲ್ಲ. ಗಾಡಿ ಆರಾಮೈತಾ?"

"ಆರಾಮ ಐತ್ರಿ ಕಾಕಾ. ಹೋದ ವಾರ ಹುಬ್ಬಳ್ಳಿಗೆ ಹೋಗಿತ್ತು."

"ಬೆಲ್ಟು?"

"ಐನೂರು ಬಂದೈತ್ರಿ. ನನಗ."