ಗುತ್ತಿಗೆಯ ಜಾಗಕ್ಕೆ ಪಾರ್ಕಿಂಗ್ ದಂಡ: ಒಂದು ಸ್ಪಷ್ಟನೆ

ಇಂಗ್ಲೆಂಡಿನ ಫ್ಲ್ಯಾಟ್‌ಗಳಲ್ಲಿರುವ ಕನ್ನಡಿಗರ ನಡುವೆ ಒಂದು ಸಂದೇಶ ಹರಿದಾಡುತ್ತಿದೆ: ‘ಕಾರಿನ ಗಾಜಿನಲ್ಲಿ ಪಾರ್ಕಿಂಗ್ ಪರ್ಮಿಟ್ ಕಾಣದಿದ್ದರೆ ಸ್ವಂತ ಜಾಗದಲ್ಲೂ ಖಾಸಗಿ ಪಾರ್ಕಿಂಗ್ ಕಂಪನಿ ಹಾಕುವ ದಂಡ ಕಟ್ಟಲೇಬೇಕು, 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.’ ಇದು ತಪ್ಪು.

ಆ ತೀರ್ಪು ಚೆಲ್ಮ್ಸ್‌ಫರ್ಡ್‌ನ ಅಂಗಡಿ ಸಂಕೀರ್ಣದ್ದು. ಎರಡು ಗಂಟೆಯ ಉಚಿತ ಅವಧಿ ಮೀರಿ ಕಾರು ನಿಲ್ಲಿಸಿದವರಿಗೆ ಹಾಕಿದ್ದ 85 ಪೌಂಡ್ ಅದರ ವಿಷಯ. ಅಲ್ಲಿ ನಿಲ್ಲಿಸುವ ಹಕ್ಕು ಬಂದದ್ದೇ ಷರತ್ತು ಬರೆದ ಫಲಕದಿಂದ. ನಿಮ್ಮ ಹಕ್ಕು ಬಂದದ್ದು ಫ್ಲ್ಯಾಟಿನ ಗುತ್ತಿಗೆ ಪತ್ರದಿಂದ (ಲೀಸ್). ಪರ್ಮಿಟ್ ಗಾಜಿನಿಂದ ಜಾರಿ ಸೀಟಿನ ಮೇಲೆ ಬಿದ್ದ ಮಾತ್ರಕ್ಕೆ ಆ ಹಕ್ಕು ಅಳಿಯುವುದಿಲ್ಲ. 2016ರಲ್ಲಿ ಆಕ್ಸ್‌ಫರ್ಡ್‌ನ ಕೌಂಟಿ ನ್ಯಾಯಾಲಯ, ಮೇಜು ಇಳಿಸಲು ಮನೆಬಾಗಿಲಲ್ಲಿ ಕಾರು ನಿಲ್ಲಿಸಿದ್ದ ನಿವಾಸಿಯ ಮೇಲ್ಮನವಿಯಲ್ಲಿ ಗುತ್ತಿಗೆಯ ಹಕ್ಕನ್ನೇ ಎತ್ತಿಹಿಡಿಯಿತು. ಅದು ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುವ ತೀರ್ಪಲ್ಲ, ಆದರೆ ವಾದಕ್ಕೆ ಬಲವಾದ ಆಸರೆ.

ಹಾಗಾಗಿ ಮೊದಲು ಗುತ್ತಿಗೆ ಪತ್ರ ತೆರೆಯಿರಿ. ಜಾಗವನ್ನು ನಿಮಗೇ ಬಿಟ್ಟುಕೊಟ್ಟಿದೆಯೇ, ಪರ್ಮಿಟ್ಟಿನ ಷರತ್ತಿದೆಯೇ, ‘ಕಾಲಕಾಲಕ್ಕೆ ಮಾಡುವ ನಿಯಮ’ಗಳಿಗೆ ಒಪ್ಪಿದ್ದೀರಾ ಎಂದು ನೋಡಿ. ಪರ್ಮಿಟ್ಟಿನ ನಿಯಮವನ್ನು ಆಮೇಲೆ ಸೇರಿಸಲು ಅವಕಾಶ ಕೊಡುವ ಆ ಕೊನೆಯ ಸಾಲಿನಲ್ಲೇ ಎಷ್ಟೋ ವಾದಗಳು ಸೋಲುತ್ತವೆ. ಸಂಬಂಧಿಸಿದ ಪುಟ ಲಗತ್ತಿಸಿ ಪಾರ್ಕಿಂಗ್ ಕಂಪನಿಗೆ ಲಿಖಿತವಾಗಿ ಆಕ್ಷೇಪಿಸಿ.

‘ಖಾಸಗಿ ನೋಟಿಸು ತಾನೇ, ಹರಿದೆಸೆಯಿರಿ’ ಎಂಬ ಸಲಹೆಯಂತೂ ಅಪಾಯಕಾರಿ. ನ್ಯಾಯಾಲಯದ ಪತ್ರಕ್ಕೆ ಉತ್ತರಿಸದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು.