ಗಾಜಿನ ಪೆಟ್ಟಿಗೆಯೊಳಗಿನ ನೀತಿ ಸಂಹಿತೆ

ಕಾರ್ಮಿಕ ಸಂಘದ ಚುನಾವಣೆ ಈ ಸಲ ಅತ್ಯಂತ ನ್ಯಾಯಸಮ್ಮತವಾಗಿ ನಡೆಯಲಿದೆ ಎಂದು ಹಾಲಿ ಪದಾಧಿಕಾರಿಗಳೇ ಘೋಷಿಸಿರುವುದರಿಂದ ಇನ್ನು ಯಾರೂ ಚಿಂತೆ ಮಾಡಬೇಕಾಗಿಲ್ಲ. ಪ್ರಚಾರ ಹೇಗಿರಬೇಕು, ಹೇಗಿರಬಾರದು ಎಂದು ಹನ್ನೊಂದು ಅಂಶಗಳ ನೀತಿ ಸಂಹಿತೆ ಸಿದ್ಧವಾಗಿದೆ. ಅದನ್ನು ಕಾರ್ಖಾನೆಯ ಗೇಟು ದಾಟಿದೊಡನೆ ಸಿಗುವ ಸೈಕಲ್ ಸ್ಟ್ಯಾಂಡಿನ ಪಕ್ಕದ ಸೂಚನಾ ಫಲಕದಲ್ಲಿ ಅಂಟಿಸಿದ್ದಾರೆ. ಫಲಕಕ್ಕೆ ಗಾಜಿನ ಬಾಗಿಲಿದೆ, ಬಾಗಿಲಿಗೆ ಬೀಗವಿದೆ, ಬೀಗದ ಕೈ ಪ್ರಧಾನ ಕಾರ್ಯದರ್ಶಿಯವರ ಉಡಿದಾರದಲ್ಲಿದೆ. ಸಂಹಿತೆಯ ಮೊದಲ ಎರಡು ಅಂಶಗಳನ್ನು ಯಾರು ಬೇಕಾದರೂ ಓದಬಹುದು. ಉಳಿದ ಒಂಬತ್ತರ ಮೇಲೆ ‘ಐತಿಹಾಸಿಕ ವೇತನ ಒಪ್ಪಂದಕ್ಕೆ ಹಗಲಿರುಳು ಶ್ರಮಿಸಿದ ನಮ್ಮ ಹೆಮ್ಮೆಯ ಅಧ್ಯಕ್ಷರಿಗೆ ಅಭಿನಂದನೆಗಳು’ ಎಂಬ ಬಣ್ಣದ ಪೋಸ್ಟರ್ ಕುಳಿತಿದೆ. ಸೂಚನಾ ಫಲಕವನ್ನು ಯಾವ ಅಭ್ಯರ್ಥಿಯೂ ಪ್ರಚಾರಕ್ಕೆ ಬಳಸತಕ್ಕದ್ದಲ್ಲ ಎಂಬುದು ಮೂರನೆಯ ಅಂಶವಂತೆ. ಅಂಟಿಸುವಾಗ ಪಕ್ಕದಲ್ಲಿ ನಿಂತು ಓದಿದವರು ಹೇಳಿದ ಮಾತು.

ಇದು ಯಾವ ಕಾರ್ಖಾನೆ ಎಂದು ಕೇಳಬೇಡಿ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಗಳ ಚಹಾದಂಗಡಿಗಳಲ್ಲಿ ಪಾಳಿ ಮುಗಿಸಿ ಬಂದವರು ಆಡಿಕೊಳ್ಳುವುದನ್ನೆಲ್ಲ ತಂದು ಒಂದೇ ಗೇಟಿನೊಳಗೆ ತುಂಬಿದ್ದೇನೆ. ಓದುತ್ತಾ ಯಾರ ಕೈಯಾದರೂ ತಮ್ಮ ಉಡಿದಾರದ ಕಡೆಗೆ ಹೋದರೆ ಅದಕ್ಕೆ ಅಂಕಣಕಾರ ಹೊಣೆಯಲ್ಲ.

ಚುನಾವಣೆಯ ಬಗ್ಗೆ ಮೈಸೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಕಾಶ್ಮೀರದಲ್ಲಿ ಮತ ಹಾಕಿದವನ ಉಗುರಿನ ಮೇಲಿರುವುದೂ ನಮ್ಮ ಬನ್ನಿಮಂಟಪದ ಶಾಯಿಯೇ. ಸಂಘದ ಚುನಾವಣೆಗೂ ಒಂದೆರಡು ಬಾಟಲಿ ತರಿಸೋಣ ಎಂದು ಯಾರೋ ಒಬ್ಬ ಸದಸ್ಯ ಮಹಾಸಭೆಯಲ್ಲಿ ಸಲಹೆ ಕೊಟ್ಟನಂತೆ. ‘ನಮ್ಮ ಕಾರ್ಮಿಕ ಬಂಧುಗಳ ಪ್ರಾಮಾಣಿಕತೆಯ ಮೇಲೆ ನಮಗೆ ನಂಬಿಕೆ ಇದೆ’ ಎಂದು ಅಧ್ಯಕ್ಷರು ಗದ್ಗದಿತರಾದರು. ಚಪ್ಪಾಳೆ ಬಿತ್ತು. ಸಲಹೆ ಬಿದ್ದುಹೋಯಿತು.

ಸಂಹಿತೆಯ ಐದನೆಯ ಅಂಶ ಊಟೋಪಚಾರದ ನಿಷೇಧ. ಇದನ್ನು ಕಟ್ಟುನಿಟ್ಟಾಗಿ ಪಾಲಿಸಲಾಗುತ್ತಿದೆ ಎನ್ನುವುದಕ್ಕೆ ಸಾಕ್ಷಿ, ಕಳೆದ ಭಾನುವಾರ ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ರಸ್ತೆಯ ತೆಂಗಿನ ತೋಟವೊಂದರಲ್ಲಿ ನಡೆದದ್ದು ಪ್ರಚಾರದ ಬಾಡೂಟವಲ್ಲ, ಮಾರಮ್ಮನ ಹರಕೆ. ಹರಕೆ ಹೊತ್ತವರು ಅಧ್ಯಕ್ಷರ ಅತ್ತೆ. ಆ ತಾಯಿ ಹರಕೆ ಹೊರುವುದು ಸರಿಯಾಗಿ ಮೂರು ವರ್ಷಕ್ಕೊಮ್ಮೆ, ತೀರಿಸುವುದು ನಾಮಪತ್ರ ವಾಪಸಾತಿಯ ಮಾರನೆಯ ವಾರ. ಸೋಮವಾರ, ಶನಿವಾರ ಮಾಂಸ ಮುಟ್ಟದವರ ಮನೆದೇವರ ಲೆಕ್ಕವನ್ನೂ ನೋಡಿ ದಿನ ಗೊತ್ತುಮಾಡಿರುತ್ತಾರೆ. ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು, ಚಾಪ್ಸ್. ತಿನ್ನದವರಿಗೆ ಪ್ರತ್ಯೇಕ ಪಂಕ್ತಿಯಲ್ಲಿ ಹೋಳಿಗೆ, ಕಾಯಿಹಾಲು. ಅತ್ತೆಯವರನ್ನು ಕಂಡವರು ಯಾರೂ ಇಲ್ಲ.

ತೋಟದ ಬಾಗಿಲಲ್ಲಿ, ಮಾವಿನ ಮರದ ನೆರಳಿಗೆ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬಾತ ಕುಳಿತಿದ್ದ. ತೊಡೆಯ ಮೇಲೆ ಇನ್ನೂರು ಪುಟದ ಗೆರೆ ಪುಸ್ತಕ. ಬಂದವರನ್ನೆಲ್ಲ ‘ಬನ್ನಿ ಅಣ್ಣ’ ಎಂದು ಬಾಯಿ ತುಂಬ ಕರೆದು ಟೋಕನ್ ಸಂಖ್ಯೆ, ವಿಭಾಗ, ಪಾಳಿ ಕೇಳಿ ಬರೆದುಕೊಳ್ಳುತ್ತಿದ್ದ. ಇದೇಕೆ ಎಂದರೆ ‘ಎಲೆ ಲೆಕ್ಕಕ್ಕೆ ಅಣ್ಣ, ಅಡುಗೆಯವರಿಗೆ ಹೇಳಬೇಕಲ್ಲ’ ಎನ್ನುವ ಉತ್ತರ. ಮುದ್ದೆ ಬೇಯಿಸಲು ತಿನ್ನುವವನು ಪೇಂಟ್ ಶಾಪಿನವನೋ ಟೂಲ್ ರೂಮಿನವನೋ ಎಂದು ತಿಳಿಯಬೇಕಾದ ಅಡುಗೆಯವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಸಂಜೆಯ ಹೊತ್ತಿಗೆ ಆ ಪುಸ್ತಕದಲ್ಲಿ ಬಂದವರು, ಬಾರದವರು, ಬಂದು ಅರ್ಧಕ್ಕೆ ಎದ್ದವರು ಎಂದು ಮೂರು ಪಟ್ಟಿಗಳು ತಯಾರಾಗಿದ್ದವು. ಎದುರಾಳಿ ಬಣದ ಹರಕೆ ಇನ್ನೊಂದು ವಾರಕ್ಕೆ, ಕಾವೇರಿಯ ಇನ್ನೊಂದು ದಡದಲ್ಲಿ. ಎರಡೂ ಕಡೆ ಉಂಡವರಿಗೆ ಸಂಘದಲ್ಲಿ ‘ಎರಡೆಲೆ ಸದಸ್ಯರು’ ಎಂಬ ಹೆಸರಿದೆ. ಗೆಲುವು ಸೋಲು ನಿರ್ಧರಿಸುವವರು ಇವರೇ ಆದ್ದರಿಂದ ಬಡಿಸುವಾಗ ಇವರಿಗೆ ಒಂದು ತುಂಡು ಹೆಚ್ಚು.

ಉಂಡವರೆಲ್ಲ ಮತ ಹಾಕುತ್ತಾರೆಂಬ ಭರವಸೆ ಇಲ್ಲದ ಕಾರಣ ಆಣೆ ಪ್ರಮಾಣದ ಏರ್ಪಾಡೂ ಇದೆ. ಚಾಮುಂಡೇಶ್ವರಿಯ ಪಟ, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ನಾಣ್ಯ, ಅದರ ಮೇಲೆ ಕೈ. ಎರಡೂ ಬಣಗಳ ಪಟದ ಮೇಲೆ ಕೈ ಇಟ್ಟವರು ಮುಂದಿನ ಶುಕ್ರವಾರ ಬೆಟ್ಟ ಹತ್ತಿ ಹುಂಡಿಗೆ ತಪ್ಪುಕಾಣಿಕೆ ಹಾಕಿ ಬರುತ್ತಾರೆ. ಗುಪ್ತ ಮತದಾನ ಎಂದು ಬೈಲಾದಲ್ಲಿ ಬರೆದದ್ದಕ್ಕೆ ಇಷ್ಟಾದರೂ ಅರ್ಥ ಉಳಿದಿದೆ. ಯಾರು ಯಾರಿಗೆ ಹಾಕಿದರು ಎನ್ನುವುದು ತಾಯಿಗೆ ಮಾತ್ರ ಗೊತ್ತು.

ಇನ್ನು ಸದಸ್ಯರ ಪಟ್ಟಿಯ ವಿಷಯ. ಹೊಸಬನೊಬ್ಬ ಸ್ಪರ್ಧೆಗೆ ನಿಂತರೆ ಅವನಿಗೆ ಮೊದಲು ಬೇಕಾದದ್ದು ಮತದಾರರು ಯಾರು ಎಂಬ ಪಟ್ಟಿ. ಮೂರು ಪಾಳಿಯ ಕಾರ್ಖಾನೆಯಲ್ಲಿ ತಾನು ಕೆಲಸ ಮಾಡುವ ಪಾಳಿ ಬಿಟ್ಟರೆ ಉಳಿದವರ ಮುಖ ಕೂಡ ಅವನಿಗೆ ಪರಿಚಯವಿರುವುದಿಲ್ಲ. ಪಟ್ಟಿ ಕೇಳಿದರೆ ಕಾರ್ಯದರ್ಶಿಯವರು ‘ಸದಸ್ಯರ ಖಾಸಗಿತನ’ ಎನ್ನುತ್ತಾರೆ. ಆ ಖಾಸಗಿತನವನ್ನು ಎಷ್ಟು ಜೋಪಾನವಾಗಿ ಕಾಪಾಡುತ್ತಾರೆಂದರೆ ಪ್ರತಿಯೊಬ್ಬ ಸದಸ್ಯನ ಹುಟ್ಟುಹಬ್ಬಕ್ಕೂ ಬೆಳಿಗ್ಗೆ ಆರಕ್ಕೆ ಅಧ್ಯಕ್ಷರ ಭಾವಚಿತ್ರ ಸಮೇತ ಶುಭಾಶಯ ಮೊಬೈಲಿಗೆ ಬಂದು ಬೀಳುತ್ತದೆ.

ಹಾಗೆಂದು ಕಾನೂನೇ ಇಲ್ಲ ಎನ್ನುವಂತಿಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ 20ನೆಯ ಕಲಮು ಲೆಕ್ಕದ ಪುಸ್ತಕಗಳೂ ಸದಸ್ಯರ ಪಟ್ಟಿಯೂ ಯಾವುದೇ ಸದಸ್ಯನ ಪರಿಶೀಲನೆಗೆ ತೆರೆದಿರಬೇಕು ಎಂದು ಬ್ರಿಟಿಷರ ಕಾಲದಲ್ಲೇ ಹೇಳಿತ್ತು. ಜೊತೆಗೆ ‘ಬೈಲಾದಲ್ಲಿ ಹೇಳಿದ ಸಮಯದಲ್ಲಿ’ ಎಂಬ ಪುಟ್ಟ ಬಾಲವನ್ನೂ ಸೇರಿಸಿತ್ತು. ನಮ್ಮವರು ಹಿಡಿದುಕೊಂಡದ್ದು ಆ ಬಾಲವನ್ನು. ತಿಂಗಳ ಕೊನೆಯ ಕೆಲಸದ ದಿನ ಸಂಜೆ ನಾಲ್ಕರಿಂದ ನಾಲ್ಕೂವರೆ, ಪ್ರಧಾನ ಕಾರ್ಯದರ್ಶಿ ಹಾಜರಿದ್ದಲ್ಲಿ ಮಾತ್ರ ಎನ್ನುವುದು ಬೈಲಾದ ಮಾತು. ಆ ಅರ್ಧ ಗಂಟೆ ಕಾರ್ಯದರ್ಶಿಯವರು ಕಾರ್ಮಿಕರ ಹಿತಕ್ಕಾಗಿ ಬೆಂಗಳೂರಿಗೆ ಹೋಗಿರುತ್ತಾರೆ.

ಅದೇ ಕಾಯ್ದೆಯ 15ನೆಯ ಕಲಮು ಸಂಘದ ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂದು ಪಟ್ಟಿ ಕೊಟ್ಟಿತ್ತು. ಕಚೇರಿಯ ವೆಚ್ಚ, ಕೈಗಾರಿಕಾ ವಿವಾದ, ನ್ಯಾಯಾಲಯದ ಖರ್ಚು, ಸದಸ್ಯರ ನೆರವು ಇತ್ಯಾದಿ. ಹಾಲಿ ಅಧ್ಯಕ್ಷರ ಪ್ರಚಾರ ಅದರಲ್ಲಿ ಇರಲಿಲ್ಲ. ಆದರೆ ಕಾರ್ಮಿಕರ ಸಮಸ್ಯೆಗಳನ್ನು ಚರ್ಚಿಸುವ ನಿಯತಕಾಲಿಕೆಯ ವೆಚ್ಚ ಇತ್ತು. ಹೀಗಾಗಿ ನಮ್ಮ ಸಂಘಕ್ಕೂ ಒಂದು ಪತ್ರಿಕೆ ಇದೆ. ಚುನಾವಣೆ ಇಲ್ಲದ ವರ್ಷಗಳಲ್ಲಿ ಕಾಗದದ ಅಭಾವದಿಂದ ಅದು ಹೊರಬರುವುದಿಲ್ಲ. ಈ ಸಲದ ವಿಶೇಷ ಸಂಚಿಕೆ ಆರ್ಟ್ ಪೇಪರಿನಲ್ಲಿದೆ. ಮುಖಪುಟದಲ್ಲಿ ಅಧ್ಯಕ್ಷರು ಸಚಿವರಿಗೆ ಮನವಿ ಕೊಡುತ್ತಿದ್ದಾರೆ, ಎರಡನೆಯ ಪುಟದಲ್ಲಿ ಕ್ಯಾಂಟೀನಿನ ಇಡ್ಲಿಯನ್ನು ಮುರಿದು ಗುಣಮಟ್ಟ ಪರೀಕ್ಷಿಸುತ್ತಿದ್ದಾರೆ, ನಡುಪುಟದಲ್ಲಿ ಗಿಡ ನೆಡುತ್ತಿದ್ದಾರೆ. ಕಾರ್ಮಿಕರ ಸಮಸ್ಯೆಗಳ ಚರ್ಚೆ ಕೊನೆಯ ಪುಟದ ಪದಬಂಧದ ಕೆಳಗಿದೆ.

ಈ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2020ರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ತಂದಿತು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಆಡಳಿತ ಮಂಡಳಿಯ ಜೊತೆ ಒಂದೇ ಸಂಘ ಮಾತುಕತೆಗೆ ಕೂರಲು ಅದಕ್ಕೆ ಶೇ. 51ರಷ್ಟು ಕಾರ್ಮಿಕರ ಬೆಂಬಲ ಬೇಕು ಎಂದು ಅದರಲ್ಲಿ ಲೆಕ್ಕ ಹಾಕಿ ಬರೆದಿದ್ದಾರೆ. ಆ ಸಂಘದೊಳಗೆ ಯಾರ ಕೈಯಲ್ಲಿ ಮೈಕು, ಯಾರ ಕೈಯಲ್ಲಿ ಪಟ್ಟಿ ಎಂಬುದು ಮತ್ತೆ ಬೈಲಾದ ಪಾಲು. ಸಂಘ ಸಂಘಗಳ ನಡುವಿನ ಪೈಪೋಟಿಗಾದರೂ ರೈಲ್ವೆಯಲ್ಲಿ ಗುಪ್ತ ಮತದಾನವಿದೆ, ನಮ್ಮ ಮೈಸೂರು ವಿಭಾಗದವರೂ ಹಾಕುತ್ತಾರೆ. 2013ರ ನಂತರದ ಮತದಾನ ಬಂದದ್ದು 2024ರ ಡಿಸೆಂಬರಿನಲ್ಲಿ. ರೈಲು ತಡವಾಗಿ ಬರುವುದು ನಮಗೇನು ಹೊಸತೇ?

ಅಮೆರಿಕದವರು ಸ್ವಭಾವತಃ ಅನುಮಾನದ ಜನ. ಕಾರ್ಮಿಕ ಸಂಘಗಳೊಳಗಿನ ಅವ್ಯವಹಾರಗಳ ಬಗ್ಗೆ ಅಲ್ಲಿನ ಸೆನೆಟ್ಟಿನ ಸಮಿತಿ ವಿಚಾರಣೆ ನಡೆಸಿದ ಮೇಲೆ 1959ರಲ್ಲಿ ಒಂದು ಕಾನೂನು ಮಾಡಿದರು. ಅಭ್ಯರ್ಥಿಯೊಬ್ಬ ತನ್ನ ಖರ್ಚಿನಲ್ಲಿ ತನ್ನ ಕರಪತ್ರವನ್ನು ಸದಸ್ಯರಿಗೆ ತಲುಪಿಸಿ ಎಂದು ನ್ಯಾಯವಾಗಿ ಕೇಳಿದರೆ ಸಂಘ ತಲುಪಿಸಲೇಬೇಕು. ಒಬ್ಬನಿಗೆ ಕೊಟ್ಟ ಸವಲತ್ತು ಇನ್ನೊಬ್ಬನಿಗೂ ಸಿಗಬೇಕು. ಸಂಘದ ಹಣವಾಗಲಿ ಮಾಲೀಕನ ಹಣವಾಗಲಿ ಯಾರ ಪ್ರಚಾರಕ್ಕೂ ಹೋಗಬಾರದು. ಚುನಾವಣೆಯ ನೋಟಿಸು ಕನಿಷ್ಠ 15 ದಿನ ಮೊದಲು ಸದಸ್ಯನ ಮನೆಗೆ ಅಂಚೆಯಲ್ಲಿ ಬರಬೇಕು. ಎಣಿಕೆಯ ಮೇಜಿನ ಪಕ್ಕ ಪ್ರತಿಯೊಬ್ಬನ ಕಡೆಯವರೂ ನಿಲ್ಲಬಹುದು. ಇಷ್ಟಾದರೂ ಸಾಲದೆ ಟೀಮ್‌ಸ್ಟರ್ಸ್ ಎಂಬ ಅಲ್ಲಿನ ಭಾರಿ ಸಂಘ 1989ರಲ್ಲಿ ಸರ್ಕಾರದ ಜೊತೆ ರಾಜಿ ಮಾಡಿಕೊಂಡು, 1991ರಲ್ಲಿ ನ್ಯಾಯಾಲಯ ನೇಮಿಸಿದ ಅಧಿಕಾರಿಯ ಕಣ್ಣೆದುರು ಸದಸ್ಯರಿಂದಲೇ ನೇರವಾಗಿ ಅಧ್ಯಕ್ಷರನ್ನು ಆರಿಸಬೇಕಾಯಿತು. ಇದನ್ನೆಲ್ಲ ನಮ್ಮ ಕಾರ್ಯದರ್ಶಿಯವರಿಗೆ ವಿವರಿಸಿದಾಗ ಅವರು ಸಾವಧಾನವಾಗಿ ಕೇಳಿಸಿಕೊಂಡು, ‘ಅದು ಬಂಡವಾಳಶಾಹಿ ದೇಶ ಸರ್, ನಮ್ಮ ಹೋರಾಟದ ಪರಂಪರೆಗೆ ಒಗ್ಗುವುದಿಲ್ಲ’ ಎಂದರು. ಅವರ ಹಿಂದಿನ ಗೋಡೆಯ ಮೇಲೆ ಆಡಳಿತ ಮಂಡಳಿ ಪ್ರೀತಿಯಿಂದ ಕೊಟ್ಟ ಏ.ಸಿ. ತಣ್ಣಗೆ ಗುನುಗುತ್ತಿತ್ತು.

ಆಡಳಿತ ಮಂಡಳಿ ಈ ಚುನಾವಣೆಯಲ್ಲಿ ಸಂಪೂರ್ಣ ತಟಸ್ಥ. ಎರಡು ಸಂಘಗಳಿದ್ದಾಗ ಒಂದರ ಕಡೆ ಒಲವು ತೋರಿಸಿದರೆ ಅದು ಅನುಚಿತ ಕಾರ್ಮಿಕ ಪದ್ಧತಿ ಎಂದು ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೆಯ ಅನುಸೂಚಿಯಲ್ಲೇ ಬರೆದಿತ್ತು. ನಮ್ಮಲ್ಲಿರುವುದು ಒಂದೇ ಸಂಘ, ಆದ್ದರಿಂದ ಒಲವು ಎಷ್ಟು ಬೇಕಾದರೂ ತೋರಿಸಬಹುದು. ನಾಮಪತ್ರ ಸಲ್ಲಿಸಿದ ಮರುದಿನ ಎದುರಾಳಿ ಅಭ್ಯರ್ಥಿಗೆ ರಾತ್ರಿಪಾಳಿ ಬಿದ್ದದ್ದು ಉತ್ಪಾದನೆಯ ಅಗತ್ಯ. ಹಾಲಿ ಅಧ್ಯಕ್ಷರು ಹಗಲಿಡೀ ವಿಭಾಗದಿಂದ ವಿಭಾಗಕ್ಕೆ ತಿರುಗುತ್ತಿರುವುದು ಸುರಕ್ಷತಾ ಸಪ್ತಾಹದ ಅಂಗ. ಯಾರಿಗೆ ಓವರ್‌ಟೈಮ್ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಯಂತ್ರಗಳ ಮರ್ಜಿ. ಗುತ್ತಿಗೆ ಕಾರ್ಮಿಕರಿಗೆ ಇಲ್ಲಿ ಮತವಿಲ್ಲ. ಸದಸ್ಯತ್ವ ಕೇಳಿದರೆ ‘ಮುಂದಿನ ಅವಧಿಯಲ್ಲಿ ನೋಡೋಣ’ ಎನ್ನುವುದು ಎರಡೂ ಬಣಗಳು ಒಮ್ಮತದಿಂದ ಹೇಳುವ ಏಕೈಕ ವಾಕ್ಯ. ಗೇಟಿನ ಮುಂದೆ ಏಣಿ ಹತ್ತಿ ಎರಡೂ ಬಣಗಳ ಫ್ಲೆಕ್ಸ್ ಕಟ್ಟುವವರು ಮಾತ್ರ ಅವರೇ.

ಎದುರಾಳಿ ಬಣವನ್ನು ನೋಡಿ ಕಣ್ಣೀರು ಹಾಕಬೇಕಾಗಿಲ್ಲ. ಅದರ ನಾಯಕರು ಮೂರು ಅವಧಿಗಳ ಹಿಂದೆ ಖಜಾಂಚಿಯಾಗಿದ್ದವರು. ಪಟ್ಟಿ ಪರಿಶೀಲನೆಗೆ ಆ ಅರ್ಧ ಗಂಟೆಯನ್ನು ಬೈಲಾದಲ್ಲಿ ಸೇರಿಸಿದ್ದು ಅವರ ಕಾಲದಲ್ಲೇ. ಗೇಟ್ ಮೀಟಿಂಗಿನಲ್ಲಿ ಅವರು ಮೊನ್ನೆ ಗುಡುಗಿದರು: ‘ಸಂಘದ ಹಣದಲ್ಲಿ ಪ್ರಚಾರ ಮಾಡುವವರಿಗೆ ನಾಚಿಕೆಯಾಗಬೇಕು!’ ನಾನಂತೂ ತಲೆದೂಗಿದೆ. ಆಮೇಲೆ ಪಕ್ಕದಲ್ಲಿದ್ದ ಹಿರಿಯ ಫಿಟ್ಟರ್ ಒಬ್ಬರು ಮೆಲ್ಲಗೆ ವಿವರಿಸಿದರು: ‘ಅವರದು ಸಂಘದ ಹಣವಲ್ಲ, ಸಹಕಾರಿ ಪತ್ತಿನ ಸಂಘದ್ದು.’ ಸಾಲದ ಕಂತು ಎರಡು ತಿಂಗಳು ಮುಂದೂಡುವುದಾಗಿ ಮಾತು ಕೊಟ್ಟರೆ ಅದನ್ನು ಆಮಿಷ ಎನ್ನುವಂತಿಲ್ಲ, ಸಹಕಾರ ತತ್ತ್ವ ಎನ್ನಬೇಕು.

ದೂರು ಕೊಡಲು ದಾರಿ ಇದೆ. ಮೂವರು ಸದಸ್ಯರ ಚುನಾವಣಾ ಸಮಿತಿ. ಒಬ್ಬರು ಕಾರ್ಯದರ್ಶಿಯವರ ಭಾವಮೈದ, ಇನ್ನೊಬ್ಬರು ನಿವೃತ್ತರು, ಮೂರನೆಯವರು ದೀರ್ಘ ರಜೆಯಲ್ಲಿದ್ದಾರೆ. ದೂರನ್ನು ಮೂರು ಪ್ರತಿಗಳಲ್ಲಿ ಪ್ರಧಾನ ಕಾರ್ಯದರ್ಶಿಯವರ ಮೂಲಕ, ಅವರ ಶಿಫಾರಸಿನೊಡನೆ ಸಲ್ಲಿಸಬೇಕು. ಪ್ರಧಾನ ಕಾರ್ಯದರ್ಶಿಯವರ ಮೇಲಿನ ದೂರಾದರೆ ನಾಲ್ಕು ಪ್ರತಿ.

ಇಷ್ಟೆಲ್ಲ ಅಡೆತಡೆಯ ನಡುವೆಯೂ ಕಳೆದ ಚುನಾವಣೆಯಲ್ಲಿ ಸ್ವತಂತ್ರವಾಗಿ ನಿಂತ ಒಬ್ಬ ಹುಡುಗನಿದ್ದ. ಅಸೆಂಬ್ಲಿ ವಿಭಾಗದವನು. ಹರಕೆ ಇಲ್ಲ, ಪಟ ಇಲ್ಲ, ಬಣವೂ ಇಲ್ಲ. ಎರಡು ಪುಟದ ಕರಪತ್ರ ಅಚ್ಚು ಹಾಕಿಸಿ, ಪಾಳಿ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಹಂಚಿದ. ಹಂಚುವಾಗ ಒಂದಿಬ್ಬರು ತೆಗೆದುಕೊಂಡು ಜೇಬಿಗಿಟ್ಟರು, ಹೆಚ್ಚಿನವರು ಸುತ್ತ ನೋಡಿ ಕೈ ಹಿಂದೆಗೆದರು. ಚುನಾವಣೆ ಮುಗಿಯಿತು, ಅವನು ಸೋತ. ಆಗಿನ ಸಂಹಿತೆಯ ಹನ್ನೊಂದನೆಯ ಅಂಶದಂತೆ ಎಲ್ಲ ಅಭ್ಯರ್ಥಿಗಳೂ ಪ್ರಚಾರ ವೆಚ್ಚದ ಲೆಕ್ಕ ಕೊಡಬೇಕಿತ್ತು. ಮಿತಿ ಐದು ಸಾವಿರ ರೂಪಾಯಿ. ಗೆದ್ದ ಅಧ್ಯಕ್ಷರು ಜೆರಾಕ್ಸ್ ಮತ್ತು ಚಹಾ ಎಂದು 340 ರೂಪಾಯಿ ತೋರಿಸಿದರು. ಎರಡನೆಯ ಸ್ಥಾನದವರು ನಯಾಪೈಸೆ ಖರ್ಚಾಗಿಲ್ಲ ಎಂದರು. ಹುಡುಗ ಅಚ್ಚುಕೂಟದ ರಸೀದಿ, ಆಟೋ ಬಾಡಿಗೆ ಎಲ್ಲ ಲಗತ್ತಿಸಿ 5,180 ರೂಪಾಯಿ ಎಂದು ಬರೆದುಕೊಟ್ಟ.

ವಾರದೊಳಗೆ ಸಮಿತಿಯ ಆದೇಶ ಹೊರಬಿತ್ತು. ಮಿತಿ ಮೀರಿ ಹಣ ಚೆಲ್ಲಿ ಚುನಾವಣೆಯ ಪಾವಿತ್ರ್ಯ ಕೆಡಿಸಿದ್ದಕ್ಕಾಗಿ ಹುಡುಗ ಮುಂದಿನ ಎರಡು ಅವಧಿಗೆ ಅನರ್ಹ. ಪಾಂಡವಪುರ ರಸ್ತೆಯ ಆ ಸಲದ ಊಟದ ಬಗ್ಗೆ ಅವನು ಕೊಟ್ಟಿದ್ದ ದೂರನ್ನೂ ಸಮಿತಿ ಕೂಲಂಕಷವಾಗಿ ಪರಿಶೀಲಿಸಿತು. ಅಧ್ಯಕ್ಷರ ಅತ್ತೆಯವರು ಸಂಘದ ಸದಸ್ಯರಲ್ಲದ ಕಾರಣ ನೀತಿ ಸಂಹಿತೆ ಅವರಿಗೆ ಅನ್ವಯಿಸುವುದಿಲ್ಲ ಎಂದು ಷರಾ ಬರೆದು ಕಡತ ಮುಚ್ಚಿತು.